ಮಾವನವರ ಮೂರೂವರೆ ಬೆರಳು

ಸೋರಿಕೆಯ ವಿಷಯದಲ್ಲಿ ನನ್ನಷ್ಟು ಅನುಭವ ಇರುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ, ದಾಖಲೆ ಇದೆ. ನೀರು ಸರಬರಾಜು ಕಚೇರಿಯ ಸೋರಿಕೆ ವಿಭಾಗದಲ್ಲಿ ಇಪ್ಪತ್ತೊಂದು ವರ್ಷದಿಂದ ಗುಮಾಸ್ತನಾಗಿದ್ದೇನೆ. ದೂರು ಬಂದರೆ ನೋಂದಾಯಿಸುತ್ತೇನೆ, ಸಂಖ್ಯೆ ಕೊಡುತ್ತೇನೆ, ಕಡತ ಕಟ್ಟುತ್ತೇನೆ, ಆಮೇಲೊಂದು ದಿನ ಅದೇ ಕಡತದ ಮೇಲೆ ‘ಮುಕ್ತಾಯ’ ಎಂದು ಮುದ್ರೆ ಒತ್ತುತ್ತೇನೆ. ನಡುವೆ ಪೈಪಿನ ಹತ್ತಿರ ಹೋಗಿ ಒದ್ದೆಯಾಗುವವರು ಬೇರೆ ಯಾರೋ. ಅವರನ್ನು ನಾನು ನೋಡಿಯೂ ಇಲ್ಲ. ಈ ಸಣ್ಣ ವಿವರವನ್ನು ಹೆಂಡತಿಯ ಮನೆಯವರಿಗೆ ತಿಳಿಸುವ ಸಂದರ್ಭ ಒದಗಿರಲಿಲ್ಲ, ನಾನೂ ಒದಗಿಸಿಕೊಂಡಿರಲಿಲ್ಲ.

ಹಾಗಾಗಿ ಅವರ ಲೆಕ್ಕದಲ್ಲಿ ನಾನು ದೊಡ್ಡ ಸೋರಿಕೆ ಪಂಡಿತ. ನಲ್ಲಿ ತೊಟ್ಟಿಕ್ಕಿದರೆ ನನಗೆ ಫೋನು, ಗೋಡೆ ಒದ್ದೆಯಾದರೆ ನನಗೆ ಫೋನು. ನಾನು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, “ಹೂಂ, ಇದು ಒತ್ತಡದ ಸಮಸ್ಯೆ” ಎನ್ನುತ್ತಿದ್ದೆ. ಅಷ್ಟು ಹೇಳಿದರೆ ಸಾಕು, ಜನ ಸಮಾಧಾನವಾಗಿ ತಾವೇ ಯಾರನ್ನೋ ಕರೆಸಿ ಸರಿಮಾಡಿಸಿಕೊಳ್ಳುತ್ತಾರೆ, ಹೆಸರು ನನಗೆ ಬರುತ್ತದೆ. ಆ ಹೆಸರೇ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಮಾವನವರ ಲಾರಿಯ ಅಡಿಗೆ ತಂದು ಅಂಗಾತ ಮಲಗಿಸಿತು.

ಮಾವನವರು ಮನೆ ಬದಲಾಯಿಸುವವರ ಸಾಮಾನು ಸಾಗಿಸುತ್ತಿದ್ದರು. ಇದ್ದದ್ದು ಒಂದೇ ಲಾರಿ, ಅದು ನನ್ನ ಮದುವೆಗಿಂತ ಹಳೆಯದು, ಮತ್ತು ನನ್ನ ಹೆಂಡತಿಯ ಮಾತು ನಂಬುವುದಾದರೆ ನನಗಿಂತ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಐದು ವಾರದ ಹಿಂದೆ ಮಾವನವರು ಯಾರದೋ ಮೂರನೇ ಮಹಡಿಗೆ ಕಬ್ಬಿಣದ ಬೀರು ಹತ್ತಿಸಿ, ಮೆಟ್ಟಿಲ ಮೇಲೆ ಕೂತು, ನೀರು ಕೇಳಿ, ಅರ್ಧ ಲೋಟ ಕುಡಿದು, ಇನ್ನರ್ಧವನ್ನು ಕೈಯಲ್ಲಿ ಹಿಡಿದುಕೊಂಡೇ ತೀರಿಕೊಂಡರು. ಲಾರಿಯನ್ನು ಯಾರೋ ತಂದು ಮನೆಯ ಪಕ್ಕದ ಅಂಗಳದಲ್ಲಿ ನಿಲ್ಲಿಸಿ ಹೋದರು. ಇನ್ನು ಅದನ್ನು ನಡೆಸಬೇಕಾದವನು ನನ್ನ ಬಾಮೈದ. ಅಪ್ಪನ ಹಳೇ ಗಿರಾಕಿಯೊಬ್ಬರು, ಗಡಿಯಾರ ರಿಪೇರಿಯವರು, ಮುಂದಿನ ವಾರದ ಗುರುವಾರ ಮನೆ ಖಾಲಿ ಮಾಡುವವರಿದ್ದರು. “ನೀನು ಬರ್ತೀಯೇನಪ್ಪ?” ಎಂದು ಕೇಳಿದ್ದರು. ಅವನು “ಬರ್ತೀನಿ” ಎಂದಿದ್ದ. ಮೊದಲ ಲೋಡಿಗೇ ತಪ್ಪಿದರೆ ಅಪ್ಪನ ಗಿರಾಕಿಗಳೆಲ್ಲ ಬೇರೆ ಲಾರಿ ನೋಡಿಕೊಳ್ಳುತ್ತಾರೆ, ಆಮೇಲೆ ಇವನು ಯಾರದೋ ಲಾರಿಗೆ ಬದಲಿ ಡ್ರೈವರಾಗಿ ಅಲೆಯಬೇಕು. ಇದು ಮನೆಯವರಿಗೆಲ್ಲ ಚೆನ್ನಾಗಿ ಗೊತ್ತಿತ್ತು.

“ಭಾವ, ದಿನಾ ಬೆಳಿಗ್ಗೆ ಕಾಲು ಗಂಟೆ ಸ್ಟಾರ್ಟ್ ಮಾಡಿ ಇಡ್ತೀನಿ” ಎಂದ ಬಾಮೈದ. “ಮಾರನೇ ದಿನ ಮುಚ್ಚಳ ತೆಗೆದ್ರೆ ರೇಡಿಯೇಟರಲ್ಲಿ ಒಂದು ಲೋಟದಷ್ಟು ಕಮ್ಮಿ. ದಿನಾ ಅಷ್ಟೇ, ಒಂದೇ ಲೋಟ. ಕೆಳಗೆ ನೋಡಿದ್ರೆ ನೆಲ ಒಣಗಿದೆ.”

“ಸೋರಿಕೆ ತಾನೆ” ಎಂದು ನಾನು ತೋಳು ಮಡಚಿದೆ.

ನಮ್ಮ ಕಚೇರಿಯಲ್ಲಿ ಇದಕ್ಕೊಂದು ಕ್ರಮವಿದೆ. ಸ್ಥಳ ಪರಿಶೀಲನೆ ಮಾಡಬೇಕು, ಒದ್ದೆ ಕಂಡರೆ ಸೋರಿಕೆ ಎಂದು ಬರೆಯಬೇಕು, ಕಾಣದಿದ್ದರೆ ಸೋರಿಕೆ ಇಲ್ಲ ಎಂದು ಬರೆಯಬೇಕು. ನಾನು ಚೀಲದಿಂದ ಹಳೇ ಅರ್ಜಿ ನಮೂನೆಗಳ ಒಂದು ಕಟ್ಟು ತೆಗೆದು, ಲಾರಿಯ ಅಡಿಗೆ ನುಸುಳಿ, ಮುಂದಿನ ಬಂಪರಿನಿಂದ ಹಿಂದಿನ ಚಕ್ರದವರೆಗೂ ಒಂದೊಂದಾಗಿ ಹಾಸಿದೆ. ಒಂದು ಹನಿ ಬಿದ್ದರೂ ಶಾಯಿ ಹರಡಿ ಗೊತ್ತಾಗುತ್ತದೆ. ಎಂಜಿನ್ ಕಾಲು ಗಂಟೆ ಓಡಿತು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಮಧ್ಯಾಹ್ನದವರೆಗೂ ಕಾದೆ. ಎಂಜಿನ್ ತಣ್ಣಗಾಗುತ್ತಾ ಒಳಗೆ ಎಲ್ಲೋ ಟಿಕ್ ಟಿಕ್ ಎನ್ನುತ್ತಿತ್ತು, ಯಾರೋ ಬೆರಳಿನ ನಟಿಕೆ ಮುರಿದುಕೊಳ್ಳುವ ಹಾಗೆ. ಕಾಗದ ತೆಗೆದು ನೋಡಿದರೆ ಒಂದೊಂದೂ ಗರಿಗರಿಯಾಗಿತ್ತು. ಮುಚ್ಚಳ ತೆಗೆದು ನೋಡಿದರೆ ಒಂದು ಲೋಟ ಕಮ್ಮಿ.

“ಅತ್ತೆ, ಇದು ಸೋರಿಕೆ ಅಲ್ಲ” ಎಂದು ತೀರ್ಪು ಕೊಟ್ಟೆ. “ನೂರಕ್ಕೆ ನೂರು ಹೇಳ್ತೀನಿ. ನೀರು ಹೊರಗೆ ಬಂದೇ ಇಲ್ಲ.”

ಅತ್ತೆ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಅವರು ಕಮ್ಮಿ ಮಾತಿನವರಲ್ಲ. ಆದರೆ ಐದು ವಾರದಿಂದ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು ಹೂಂ, ಉಹೂಂ ಎರಡರಲ್ಲೇ ಮನೆ ನಡೆಸಿದ್ದರು. ಆವತ್ತು ಬಾಯಿ ಬಿಟ್ಟರು.

“ಸೋರ್ತಿಲ್ಲ. ಆದ್ರೆ ದಿನಾ ಒಂದು ಲೋಟ ಕಮ್ಮಿ ಆಗ್ತಿದೆ. ಹಾಗಾದ್ರೆ ಯಾರೋ ಕುಡೀತಿದಾರೆ ಅಂತ ತಾನೆ ಅಳಿಯಂದ್ರೆ?”

ಇದಕ್ಕೆ ನಮ್ಮ ನಿಯಮಾವಳಿಯಲ್ಲಿ ಉತ್ತರ ಇರಲಿಲ್ಲ. ನನ್ನ ಹೆಂಡತಿ ಸೆರಗಿನ ತುದಿ ಹಿಡಿದುಕೊಂಡು ಲಾರಿಯ ಕಡೆ ನೋಡಿದಳು. ನನಗೂ ಯಾಕೋ ಆ ಅರ್ಧ ಲೋಟ ನೀರು ನೆನಪಾಯಿತು.

ಮಾರನೇ ದಿನ ಕಚೇರಿಗೆ ಹೋಗುವ ಮೊದಲು, ಮರ್ಯಾದೆಯ ಪ್ರಶ್ನೆ ಎಂದುಕೊಂಡು, ಒಳಗಿನಿಂದ ಪರಿಶೀಲಿಸಲು ಕ್ಯಾಬಿನ್ ಹತ್ತಿದೆ. “ಶೂ ಬಿಚ್ಚಿ, ಅವರು ಕೂರ್ತಿದ್ದ ಜಾಗ” ಎಂದರು ಅತ್ತೆ ಕೆಳಗಿನಿಂದ. ಕಾಲುಚೀಲದಲ್ಲೇ ಡ್ರೈವರ್ ಸೀಟಿನಲ್ಲಿ ಕೂತೆ. ಚಳಿಗಾಲ. ಬಾಗಿಲು ಹಾಕಿ, ಎಂಜಿನ್ ಚಾಲೂ ಮಾಡಿ, ಕಾಲಿಗೆ ಬಿಸಿಗಾಳಿ ಬಿಡುವ ಹೀಟರನ್ನು ಹಾಕಿಕೊಂಡೆ. ಒಂಥರಾ ಸಿಹಿ ವಾಸನೆ ಬಂತು, ಮುಚ್ಚಿಟ್ಟ ಕೋಣೆಯಲ್ಲಿ ಹಣ್ಣು ಮರೆತುಹೋದಾಗ ಬರುವಂಥದ್ದು. ಎದುರಿನ ಗಾಜು ಕೆಳ ಅಂಚಿನಿಂದ ಮಸುಕಾಗತೊಡಗಿತು. ಮೊದಲು ಬಾನೆಟ್ಟು ಕಾಣದಾಯಿತು, ಆಮೇಲೆ ಅಂಗಳ, ಆಮೇಲೆ ಅಂಗಳದಲ್ಲಿ ನಿಂತಿದ್ದ ನನ್ನ ಹೆಂಡತಿ. ನಾಲ್ಕೇ ನಿಮಿಷದಲ್ಲಿ ಜಗತ್ತು ಬೆಳ್ಳಗಾಗಿ ನಾನೊಬ್ಬನೇ ಉಳಿದೆ.

ನಾನೊಬ್ಬನೇ ಎಂದು ತಿಳಿದಿದ್ದೆ. ಆ ಬಿಳುಪಿನ ನಡುವೆ, ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ, ಒಂದು ಅಂಗೈ ಮೂಡುತ್ತಿತ್ತು. ಮೊದಲು ಅಂಗೈಯ ಗುಡ್ಡೆ, ಆಮೇಲೆ ಹೆಬ್ಬೆರಳು, ಆಮೇಲೆ ಒಂದೊಂದೇ ಬೆರಳು. ಯಾರೂ ಗಾಜು ಮುಟ್ಟಿರಲಿಲ್ಲ. ನನ್ನ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು, ಎಣಿಸಿ ನೋಡಿಕೊಂಡೆ. ಕಿರುಬೆರಳಿನ ಪಕ್ಕದ ಬೆರಳು ಅರ್ಧಕ್ಕೇ ನಿಂತಿತು. ಹೆಬ್ಬೆರಳು ಬಿಟ್ಟರೆ ಮೂರೂವರೆ ಬೆರಳು. ಮಾವನವರ ಆ ಬೆರಳು ಎಷ್ಟೋ ವರ್ಷದ ಹಿಂದೆ ಬೀರುವಿಗೂ ಬಾಗಿಲಿಗೂ ನಡುವೆ ಸಿಕ್ಕಿ ಹೋಗಿತ್ತು.

ಅದೇ ಹೊತ್ತಿಗೆ ನನ್ನ ಕಾಲುಚೀಲ ಒದ್ದೆಯಾಗಿರುವುದು ಗೊತ್ತಾಯಿತು. ಸ್ನಾನ ಮಾಡಿ ಬಂದವರು ಯಾರೋ ಈಗಷ್ಟೇ ಅಲ್ಲಿ ನಿಂತು ಹೋದ ಹಾಗೆ, ಡ್ರೈವರನ ಕಾಲ ಬಳಿ ಮಾತ್ರ ಒದ್ದೆ. ಸೋರಿಕೆ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಇದ್ದ ಮನುಷ್ಯ ಈ ಒದ್ದೆಯನ್ನು ನೋಡಿ ಏನು ಯೋಚಿಸಬೇಕಿತ್ತೋ ನಾನು ಅದನ್ನು ಯೋಚಿಸಲಿಲ್ಲ. ಬಾಗಿಲು ತೆರೆದು ಹಾರಿದೆ. ಇಳಿದ ಮೇಲೆ ನಿಂತೆನೇ ಎಂದರೆ ಅದೂ ಇಲ್ಲ, ಎದುರಿನ ಟೈಲರ್ ಅಂಗಡಿಯ ಬಟ್ಟೆ ರಾಶಿಯಲ್ಲಿ ನನ್ನನ್ನು ಹುಡುಕಿದರಂತೆ.

ನಾನು ಮರಳಿ ಬರುವಷ್ಟರಲ್ಲಿ ಅತ್ತೆ ಪಕ್ಕದ ಸೀಟಿಗೆ ಹತ್ತಿ ಕೂತಿದ್ದರು. ಗಾಜು ನೋಡುತ್ತಿದ್ದರು. ಮುಖದಲ್ಲಿ ಹೆದರಿಕೆ ಇರಲಿಲ್ಲ, ಎಷ್ಟು ಹೊತ್ತಿಗೋ ಮನೆಗೆ ಬಂದವರನ್ನು ನೋಡುವ ಸಿಟ್ಟು ಇತ್ತು.

“ಬರೋದಕ್ಕೆ ಐದು ವಾರ ಬೇಕಾಯ್ತಾ?” ಎಂದರು ಗಾಜಿಗೆ. ಆಮೇಲೆ ನಮ್ಮ ಕಡೆ ತಿರುಗಿ, “ಬಾಗಿಲು ಹಾಕಿ. ಚಳಿ ಹೊಡೆಯುತ್ತೆ” ಎಂದರು.

ಅಂದಿನಿಂದ ದಿನಚರಿ ಬದಲಾಯಿತು. ಬೆಳಿಗ್ಗೆ ಏಳೂವರೆಗೆ ಅತ್ತೆ ಕಾಯಿಸಿ ಆರಿಸಿದ ನೀರನ್ನು ತಂದು ರೇಡಿಯೇಟರಿಗೆ ಒಂದು ಲೋಟ ಹುಯ್ಯುತ್ತಿದ್ದರು. ಮಾವನವರಿಗೆ ಹಸಿ ನೀರು ಆಗುತ್ತಿರಲಿಲ್ಲ. ಬಾಮೈದ ಸ್ಟಾರ್ಟ್ ಮಾಡಿ ಇಳಿಯುತ್ತಿದ್ದ, ಅತ್ತೆ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಬರೀ ಬಿಳಿ ಗಾಜು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. ಮಗ ಹೊತ್ತಿಗೆ ಊಟ ಮಾಡುವುದಿಲ್ಲ, ಬಚ್ಚಲ ಬಾಗಿಲ ಚಿಲಕ ಸಡಿಲವಾಗಿದೆ, ಅಳಿಯಂದಿರು ಟೈಲರ್ ಅಂಗಡಿಯಲ್ಲಿ ಬಿದ್ದರು. ಇದನ್ನು ಹೇಳಿ ನಕ್ಕದ್ದೂ ಕೇಳಿಸಿತು. ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಮ್ಮ ನಕ್ಕು ಎಷ್ಟು ದಿನವಾಗಿತ್ತು. ನನ್ನ ಮಾನ ಹೋದದ್ದಕ್ಕೂ ಒಂದು ಉಪಯೋಗವಾಯಿತಲ್ಲ ಎಂದು ನಾನೂ ಸುಮ್ಮನಾದೆ.

ಕೈ ಮಾತ್ರ ಸುಮ್ಮನಿರಲಿಲ್ಲ. ಮಂಗಳವಾರ ಒಂದಿತ್ತು, ಬುಧವಾರ ಮೂರಾಯಿತು. ಶುಕ್ರವಾರದ ಹೊತ್ತಿಗೆ ಗಾಜಿನ ಬಲಭಾಗವೆಲ್ಲ ಮಾವನವರ ಅಂಗೈಗಳು, ಒಂದರ ಮೇಲೊಂದು, ಕೆಲವು ಓರೆಯಾಗಿ, ಕೆಲವು ಉದ್ದಕ್ಕೆ ಎಳೆದ ಹಾಗೆ. ಬೀದಿಯವರು ಬಾಗಿಲು ತೆರೆಸಿ ಇಣುಕಿ ನೋಡಿ ಹೋದರು. ನಿಲ್ಲು ಎನ್ನುತ್ತಿದ್ದಾರೆ ಎಂದರು ಒಬ್ಬರು, ಬಾ ಎನ್ನುತ್ತಿದ್ದಾರೆ ಎಂದರು ಇನ್ನೊಬ್ಬರು. ಬಾ ಎಂದದ್ದು ಯಾರನ್ನು ಎಂಬ ಪ್ರಶ್ನೆ ಎದ್ದಾಗ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಟೈಲರ್ ಮಾತ್ರ ಟೇಪು ಹಿಡಿದು ಬಂದ. ಮಾವನವರ ಅಂಗಿಯ ಅಳತೆಯೆಲ್ಲ ತನ್ನ ಪುಸ್ತಕದಲ್ಲಿದೆ, ಕೈ ಅವರದೋ ಅಲ್ಲವೋ ತಾನು ಹೇಳುತ್ತೇನೆ ಎಂದು ಸೀಟಿನ ಮೇಲೆ ಮಂಡಿಯೂರಿ, ಮಣಿಕಟ್ಟಿನ ಅಗಲ ಅಳೆದ. ಅಳೆಯುತ್ತಿದ್ದವನು ತಟ್ಟನೆ ನಿಂತ. ಮುಖ ಸುಣ್ಣದಂತಾಯಿತು.

“ಬೆರಳು ನನ್ನ ಪ್ಯಾಂಟಿನ ಕಡೆ ತೋರಿಸ್ತಿದೆ” ಎಂದ.

“ತೋರಿಸಿದ್ರೆ ಏನಾಯ್ತಪ್ಪ?” ಎಂದರು ಅತ್ತೆ.

“ಅಮ್ಮ, ಅವರು ಎರಡು ವರ್ಷದ ಹಿಂದೆ ಒಂದು ಪ್ಯಾಂಟಿನ ಬಟ್ಟೆ ಕೊಟ್ಟಿದ್ರು. ಕಳೆದುಹೋಯ್ತು ಅಂದಿದ್ದೆ. ಕಳೆದಿರ್ಲಿಲ್ಲ.” ಟೈಲರ್ ತನ್ನ ಸೊಂಟದ ಕೆಳಗೆ ನೋಡಿಕೊಂಡ. “ಇದೇ ಅದು.”

ಮಾರನೇ ದಿನ ಅವನು ಬೇರೆ ಪ್ಯಾಂಟು ಹಾಕಿಕೊಂಡು ಬಂದು, ಆ ಪ್ಯಾಂಟನ್ನು ಇಸ್ತ್ರಿ ಮಾಡಿ ಬಂಪರಿನ ಮೇಲಿಟ್ಟು ಕೈಮುಗಿದು ಹೋದ. ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬಂದು ನೋಡುತ್ತೇನೆ, ಲಾರಿಯ ಮುಂದೆ ಒಂದು ಜಾಕು, ಎರಡು ಸುತ್ತು ಹಗ್ಗ, ಏಣಿ, ಕೊಡೆ, ಟಾರ್ಚು, ಒಂದು ಊಟದ ಡಬ್ಬಿ. ಬೀದಿಯವರು ಮಾವನವರಿಂದ ಎರವಲು ತಂದು ಮರೆತದ್ದೆಲ್ಲ ಒಂದೇ ಸಲ ನೆನಪಾಗಿತ್ತು. ಅತ್ತೆ ಅದನ್ನೆಲ್ಲ ಎತ್ತಿಡಿಸಿ, “ನೋಡಿ, ಬದುಕಿದ್ದಾಗ ಒಂದು ಹಗ್ಗ ವಾಪಸ್ ಕೇಳೋಕೆ ಇವರ ಕೈಲಿ ಆಗ್ಲಿಲ್ಲ, ಈಗ ಹೇಗೆ ವಸೂಲಿ ಮಾಡ್ತಿದಾರೆ” ಎಂದರು. ಅವರಿಗೆ ಹೆಮ್ಮೆಯಾಗಿತ್ತು.

ಇತ್ತ ಬಾಮೈದ ದಿನ ಎಣಿಸುತ್ತಿದ್ದ.

“ಅಮ್ಮ, ಗುರುವಾರ ಲೋಡಿದೆ. ಗಾಜು ಒರೆಸ್ದೆ ಹೇಗೆ ಓಡಿಸ್ಲಿ?”

“ಅಪ್ಪನ ಕೈ ಅಳಿಸಿ ಓಡಿಸ್ತೀಯಾ?”

“ರಸ್ತೆ ಕಾಣಬೇಕಲ್ಲಮ್ಮ.”

“ಅವರು ಇರೋವರೆಗೂ ಈ ಗಾಡಿ ಇಲ್ಲಿಂದ ಕದಲಲ್ಲ. ಗಡಿಯಾರದವರಿಗೆ ಬೇರೆ ನೋಡ್ಕೊಳ್ಳಿ ಅಂತ ಹೇಳು.”

ಬಾಮೈದ ನನ್ನ ಕಡೆ ನೋಡಿದ. ಪಂಡಿತರು ಏನಾದರೂ ಮಾಡುತ್ತಾರೆ ಎಂಬ ಆಸೆ. ನಾನು ಏನಾದರೂ ಮಾಡಿದಂತೆ ಕಾಣಬೇಕೆಂದು, ಎಂಜಿನ್ ಓಡಿ ಬಿಸಿಯಾಗಿರುವಾಗಲೇ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಉಸ್ ಎಂದು ಒಂದು ದೀರ್ಘ ನಿಟ್ಟುಸಿರು ಬಂತು, ಹಿಂದೆಯೇ ಬಿಸಿನೀರು. ಸಮಯಕ್ಕೆ ಹಿಂದಕ್ಕೆ ಬಿದ್ದದ್ದರಿಂದ ಹುಬ್ಬು ಉಳಿಯಿತು. “ನಿಮ್ಮನ್ನ ನೋಡಿ ಅಪ್ಪ ಯಾವಾಗ್ಲೂ ಹಾಗೇ ಉಸಿರು ಬಿಡ್ತಿದ್ರು” ಎಂದಳು ನನ್ನ ಹೆಂಡತಿ.

ಸೋಮವಾರ ಕಚೇರಿಗೆ ಹೋದರೆ ಮೇಜಿನ ಮೇಲೆ ಒಂದು ದೂರು ಕಾದಿತ್ತು. ‘ಬೀದಿಯ ನಿವಾಸಿಗಳು’ ಎಂದು ಸಹಿ. ನಮ್ಮ ಬೀದಿಯಲ್ಲಿ ಮೃತರೊಬ್ಬರು ದಿನನಿತ್ಯ ನೀರನ್ನು ಅನಧಿಕೃತವಾಗಿ ಸೇವಿಸುತ್ತಿದ್ದು, ನಿವಾಸಿಗಳು ಭಯಭೀತರಾಗಿದ್ದು, ಸೂಕ್ತ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ. ನನ್ನ ಕೆಲಸ ನೋಂದಾಯಿಸುವುದು, ನೋಂದಾಯಿಸಿದೆ. ನಮೂನೆಯಲ್ಲಿ ಒಂದು ಅಂಕಣ ಇದೆ: ‘ಬಳಕೆದಾರರು ಸ್ಥಳದಲ್ಲಿ ವಾಸವಿದ್ದಾರೆಯೇ?’ ಹತ್ತು ನಿಮಿಷ ಯೋಚಿಸಿ ‘ಭಾಗಶಃ’ ಎಂದು ಬರೆದೆ.

ಆ ಒಂದು ಪದಕ್ಕೆ ನಮ್ಮ ಸಾಹೇಬರೇ ಪರಿಶೀಲನೆಗೆ ಹೊರಟುಬಂದರು. ಸಾಹೇಬರಿಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲ. ಮಂಗಳವಾರ ಬೆಳಿಗ್ಗೆ ಅತ್ತೆಯ ಮಾತಿಗೆ ಶೂ ಬಿಚ್ಚಿ, ಡ್ರೈವರ್ ಸೀಟಿನಲ್ಲಿ ಠೀವಿಯಿಂದ ಕೂತು, “ಸ್ಟಾರ್ಟ್ ಮಾಡಪ್ಪ” ಎಂದರು. ಬಾಮೈದ ಕೈ ಹಾಕಿ ಸ್ಟಾರ್ಟ್ ಮಾಡಿ ಬಾಗಿಲು ಹಾಕಿದ. ನಾವೆಲ್ಲ ಹೊರಗೆ ನಿಂತೆವು. ಗಾಜು ಬೆಳ್ಳಗಾಯಿತು. ಸಾಹೇಬರ ಕನ್ನಡಕ ಕಾಣದಾಯಿತು. ಆ ಬಿಳುಪಿನಲ್ಲಿ, ಅವರ ಮುಖ ಇದ್ದ ಜಾಗದಲ್ಲೇ, ಮೂರೂವರೆ ಬೆರಳು ಮೂಡಿದ್ದು ಗಾಜಿಗೆ ಮೂಗು ಹಚ್ಚಿದ ನಮಗೂ ಕಂಡಿತು. ಆಮೇಲೆ ಬಾಗಿಲು ಮೆಲ್ಲನೆ ತೆರೆಯಿತು, ಸಾಹೇಬರು ಒದ್ದೆ ಕಾಲುಚೀಲದಲ್ಲಿ ಇಳಿದರು.

“ಬರ್ಕೊಳ್ರಿ” ಎಂದರು ನನಗೆ, ಎತ್ತಲೋ ನೋಡುತ್ತಾ. “ಸ್ಥಳ ಪರಿಶೀಲಿಸಲಾಯಿತು. ಸಂಪರ್ಕ ಕಡಿತಗೊಳಿಸಲು ಅವಕಾಶ ಇಲ್ಲ, ಈಗಾಗಲೇ ಕಡಿತಗೊಂಡಿದೆ. ಮುಕ್ತಾಯ.” ಹೇಳಿ ಹೊರಟೇಹೋದರು. ಬಿಚ್ಚಿಟ್ಟ ಶೂಗಳನ್ನು ನಾನು ಮಾರನೇ ದಿನ ಕಚೇರಿಗೆ ತಲುಪಿಸಬೇಕಾಯಿತು.

ಬುಧವಾರ ಮಧ್ಯಾಹ್ನ, ನಾಳೆ ಲೋಡು ಎನ್ನುವಾಗ, ಬಾಮೈದ ಅಮ್ಮನನ್ನು ಕೇಳದೆ ಮೆಕ್ಯಾನಿಕ್ಕನ್ನು ಕರೆತಂದ. ಅವನನ್ನು ಎಲ್ಲರೂ ಸೈಲೆನ್ಸರ್ ಎನ್ನುತ್ತಿದ್ದರು, ಯಾಕೆಂದರೆ ಮಾತು ಅಷ್ಟು ಕಮ್ಮಿ. ಅವನು ಕಥೆ ಕೇಳಲಿಲ್ಲ. ನಾನು ಒತ್ತಡದ ಸಮಸ್ಯೆಯ ಬಗ್ಗೆ ಹೇಳಹೊರಟಾಗ ಕೈ ಅಡ್ಡ ಹಿಡಿದ. ತಣ್ಣಗಿದ್ದ ಎಂಜಿನ್ನಿಗೆ ನೀರು ತುಂಬಿಸಿ, ಮುಚ್ಚಳದ ಜಾಗಕ್ಕೆ ಮುಳ್ಳಿನ ಮೀಟರಿದ್ದ ಒಂದು ಸಣ್ಣ ಪಂಪು ಕೂರಿಸಿ, ನಾಲ್ಕಾರು ಸಲ ಒತ್ತಿದ. ಮುಳ್ಳು ಮೇಲೇರಿತು. ಎಲ್ಲರೂ ಬಗ್ಗಿ ನೋಡಿದೆವು. ಯಾರೂ ಮುಟ್ಟದೆಯೇ ಮುಳ್ಳು ಮೆಲ್ಲಮೆಲ್ಲನೆ ಕೆಳಗೆ ಬಂತು.

ಸೈಲೆನ್ಸರ್ ಲಾರಿಯ ಕೆಳಗೆ ನೋಡಲೇ ಇಲ್ಲ. ನಾನು ಮತ್ತೆ ಹಾಸಿಟ್ಟಿದ್ದ ಒಣ ಕಾಗದಗಳನ್ನು ತುಳಿದುಕೊಂಡು ಹೋಗಿ ಕ್ಯಾಬಿನ್ ಹತ್ತಿ, ಮೂಗೆಳೆದ. ಗಾಜನ್ನು ಬೆರಳ ತುದಿಯಲ್ಲಿ ಮುಟ್ಟಿ, ಜಿಡ್ಡನ್ನು ಹೆಬ್ಬೆರಳಿಗೆ ಉಜ್ಜಿ ನೋಡಿಕೊಂಡ. ಆಮೇಲೆ ಡ್ರೈವರನ ಕಾಲ ಬಳಿಯ ರಬ್ಬರ್ ಮ್ಯಾಟನ್ನು ಎತ್ತಿದ. ಕೆಳಗೆ ಸಾಮಾನಿಗೆ ಸುತ್ತುವ ದಪ್ಪ ಕಂಬಳಿಯೊಂದನ್ನು ಮಾವನವರು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಸೈಲೆನ್ಸರ್ ಅದನ್ನು ಹೊರಗೆ ತಂದು ಹಿಂಡಿದ. ಎಂಜಿನ್ ತಂಪಿಡುವ ಕೂಲೆಂಟ್ ಬೆರೆತ ಹಸಿರು ನೀರು, ಅದೇ ಸಿಹಿ ವಾಸನೆಯದು, ಧಾರೆಯಾಗಿ ಸುರಿಯಿತು. ಎಷ್ಟೋ ದಿನದ ಲೋಟಗಳೆಲ್ಲ ಅದರಲ್ಲಿದ್ದವು.

“ಹೀಟರ್” ಎಂದ. ಅದು ಅವನ ವರದಿ.

ಬಾಮೈದ ನಮಗೆ ಬಿಡಿಸಿ ಹೇಳಿದ. ಡ್ಯಾಶ್‌ಬೋರ್ಡಿನ ಒಳಗೆ ಹೀಟರಿಗೆಂದು ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ, ಎಂಜಿನ್ನಿನ ಬಿಸಿ ನೀರು ಅದರೊಳಗೆ ಸುತ್ತಿ ಬರುತ್ತದೆ. ಅದು ತೂತಾಗಿದೆ. ಒಂದಷ್ಟು ಹಬೆಯಾಗಿ ಗಾಜಿಗೆ ಜಿಡ್ಡು ಹಿಡಿಸುತ್ತದೆ, ಉಳಿದದ್ದು ಕಂಬಳಿಗೆ ಇಳಿಯುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ಆ ಜಿಡ್ಡಿನಲ್ಲಿ ಕೈಯಾಡಿಸಿದ ಗುರುತು ಹಾಗೇ ಉಳಿದಿರುತ್ತದೆ, ಹಬೆ ಕೂತಾಗ ಮಾತ್ರ ಕಾಣುತ್ತದೆ, ದಿನಾ ಹಬೆ ಹೆಚ್ಚಿದಷ್ಟೂ ಹೆಚ್ಚು ಗುರುತು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಅವರ ಮುಖ ನೋಡಲಾರದೆ ಕಂಬಳಿ ನೋಡಿದೆ.

ಸೈಲೆನ್ಸರ್ ಆ ಪುಟ್ಟ ಹಿತ್ತಾಳೆಯ ಪೆಟ್ಟಿಗೆಯನ್ನು ಬಿಚ್ಚಿ ತಂದು, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಪಂಪು ಹಚ್ಚಿ, ನೀರು ತುಂಬಿದ ಟಬ್ಬಿನಲ್ಲಿ ಮುಳುಗಿಸಿದ. ಒಂದು ಮೂಲೆಯಿಂದ ಗುಳ್ಳೆಗಳು ಎದ್ದವು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಸ್ವಲ್ಪ ಬಿಟ್ಟು ಮತ್ತೊಂದು. ಅತ್ತೆ ಬಂದು ಟಬ್ಬಿನ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ನಿದ್ದೇಲಿ ಅವರು ಹೀಗೇ ಉಸಿರಾಡ್ತಿದ್ರು” ಎಂದರು.

ಸೈಲೆನ್ಸರ್ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಲು ಪೆಟ್ಟಿಗೆಯನ್ನು ಎತ್ತಿದ. ಅತ್ತೆ ಅವನ ಮಣಿಕಟ್ಟು ಹಿಡಿದುಕೊಂಡರು.

“ಏನಪ್ಪ, ಪೂರ್ತಿ ಮುಚ್ಚಲೇಬೇಕಾ? ಒಂದು ಚೂರು ಬಿಟ್ಟು ಮುಚ್ಚು. ಜಾಸ್ತಿ ಬೇಡ, ಬೆಳಿಗ್ಗೆ ಹೊತ್ತು ಒಂದೇ ಒಂದು ಕೈ ಕಾಣೋ ಅಷ್ಟು.”

ಬಾಮೈದ ಮುಖ ತಿರುಗಿಸಿ ನಿಂತ. ನನ್ನ ಹೆಂಡತಿ ಒಳಗೆ ಹೋದಳು. ಸೈಲೆನ್ಸರ್ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಆಮೇಲೆ ಅವನು ಮಾತಾಡಿದ. ಅಷ್ಟುದ್ದ ಮಾತಾಡಿದ್ದನ್ನು ಅವನ ಹೆಂಡತಿಯೂ ಕೇಳಿರಲಾರಳು.

“ಅಮ್ಮ, ಅದು ಯಾರನ್ನೂ ಕರೆದ ಕೈ ಅಲ್ಲ. ಗಾಜು ಒರೆಸಿದ ಕೈ. ಒಂದು ಕೈ ಸ್ಟೀರಿಂಗ್ ಮೇಲೆ, ಒಂದು ಕೈಲಿ ಒರೆಸ್ತಾ ಒರೆಸ್ತಾ ಓಡಿಸಿದಾರೆ. ಜಿಡ್ಡು, ಬರೀ ಕೈಗೆ ಹೋಗಲ್ಲ, ಮತ್ತೆ ಮತ್ತೆ ಮುಚ್ಕೊಳ್ಳುತ್ತೆ. ಒಂದೆರಡು ತಿಂಗಳಾದ್ರೂ ಹೀಗೇ ಓಡಿಸಿರ್ಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ ಅಮ್ಮ, ರಸ್ತೆ ಕಾಣ್ಬೇಕಿತ್ತು.”

ಅತ್ತೆ ಅವನ ಕೈ ಬಿಟ್ಟರು.

ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತು ಅದು. ಆದರೆ ನನ್ನ ಬಾಯಿಂದ ಮಾತು ಹೊರಬಿತ್ತು, ನಾನು ಹೇಳುತ್ತಿರುವುದು ನನಗೇ ಕೇಳಿಸಿತು.

“ಅತ್ತೆ, ಮಾವ ನನ್ನನ್ನ ಕೇಳಿದ್ರು. ಮೂರು ತಿಂಗಳ ಹಿಂದೆ ಆಫೀಸಿಗೆ ಬಂದಿದ್ರು. ಕೌಂಟರ್ ಮುಂದೆ ಸಾಲಲ್ಲಿ ನಿಂತು, ಅಳಿಯಂದ್ರೆ, ನೆಲ ಒಣಗೇ ಇದೆ, ನೀರು ಹೋಗ್ತಿದೆ, ಎಲ್ಲಿಗೆ ಹೋಗ್ತಿರ್ಬಹುದು ಅಂತ ಕೇಳಿದ್ರು. ನಾಲ್ಕು ಜನ ನೋಡ್ತಿದ್ರು. ನನಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ವಾಹನದ ಸೋರಿಕೆ ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ಬಿಟ್ಟೆ. ಯಾರಾದ್ರೂ ಮೆಕ್ಯಾನಿಕ್‌ಗೆ ತೋರಿಸಿ ಅಂತ ಕೂಡ ಹೇಳ್ಲಿಲ್ಲ. ಸರಿ ಅಂದು ಹೋದ್ರು.”

ಅತ್ತೆ ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಬಂದಿದ್ದು ಗೊತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ” ಎಂದರು. “ಅವತ್ತೇ ಬಂದು ಹೇಳಿದ್ರು. ಅಳಿಯಂದ್ರಿಗೆ ತಲೆ ಎತ್ತೋಕೂ ಪುರುಸೊತ್ತಿಲ್ಲ ಕಣೆ, ಅಷ್ಟೊಂದು ಜನ ಅವರನ್ನ ನಂಬ್ಕೊಂಡಿದಾರೆ ಅಂದ್ರು. ಹೆಮ್ಮೆಯಿಂದ ಹೇಳಿದ್ರು.”

ಇಪ್ಪತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಪ್ರಶಂಸೆ ಅದು. ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ನಿಂತೆ.

ಅತ್ತೆ ಎದ್ದು ಒಳಗೆ ಹೋದರು. ಬಂದಾಗ ಒಂದು ಬಕೆಟ್ಟು ಬಿಸಿನೀರು, ಸೋಪು, ಎರಡು ಬಟ್ಟೆ ಇತ್ತು. ಒಂದು ಬಟ್ಟೆಯನ್ನು ನನ್ನ ಕೈಗೆ ಹಾಕಿದರು. “ನೀವು ಆ ಕಡೆ ಹೊರಗಿಂದ ಹಿಡೀರಿ. ಒಳಗಡೇದು ನನ್ನ ಕೆಲಸ.” ಸೀಟಿನ ಮೇಲೆ ಮಂಡಿಯೂರಿ, ಮೂಲೆಯಿಂದ ಶುರುಮಾಡಿದರು. ನಾನು ಬಂಪರ್ ಹತ್ತಿ ಹೊರಗಿನಿಂದ ಒರೆಸಿದೆ. ಅವರು ಒಂದೊಂದು ಕೈ ಇದ್ದ ಜಾಗಕ್ಕೂ ಬಂದು, ಒಂದು ಗಳಿಗೆ ನಿಂತು, ಒರೆಸಿ ಮುಂದೆ ಹೋಗುತ್ತಿದ್ದರು. “ಬಿಡಿ, ಸಾಕು. ನಾನು ಮಾಡ್ತೀನಿ” ಎನ್ನುತ್ತಿದ್ದರು. ಅದು ನನಗೆ ಹೇಳಿದ್ದಲ್ಲ.

ಸಂಜೆಯೊಳಗೆ ಸೈಲೆನ್ಸರ್ ತೂತಿಗೆ ಬೆಸುಗೆ ಹಾಕಿ, ಮತ್ತೆ ಟಬ್ಬಿನಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಏಳದ್ದನ್ನು ಅತ್ತೆಗೆ ತೋರಿಸಿ, ಜಾಗಕ್ಕೆ ಕೂರಿಸಿದ. ಹೊಸ ಕೂಲೆಂಟ್ ತುಂಬಿ, ಎಂಜಿನ್ ಓಡಿಸಿ, ಹೋಸ್ ಪೈಪನ್ನು ಹಿಸುಕಿ ಹಿಸುಕಿ ಒಳಗೆ ಸೇರಿದ್ದ ಗಾಳಿಯನ್ನೆಲ್ಲ ಬಿಟ್ಟ. ಪಂಪಿನ ಮುಳ್ಳು ಏರಿದ ಜಾಗದಲ್ಲೇ ನಿಂತಿತು.

ಗುರುವಾರ ಬೆಳಿಗ್ಗೆ ಏಳೂವರೆಗೆ ಬಾಮೈದ ಸ್ಟಾರ್ಟ್ ಮಾಡಿದ. ಅತ್ತೆ ಎಂದಿನಂತೆ ಪಕ್ಕದ ಸೀಟಿಗೆ ಹತ್ತಿ ಕೂತರು, ಇಳಿಯುವ ಲಕ್ಷಣ ಕಾಣಲಿಲ್ಲ. “ಅಮ್ಮ, ಮೂರನೇ ಮಹಡಿಯಿಂದ ಇಳಿಸ್ಬೇಕು, ನೀನು ಬಂದು ಏನ್ಮಾಡ್ತೀಯಾ?” ಎಂದ. “ನೀರು ಕೊಡೋಕೆ ಒಬ್ರು ಬೇಡ್ವಾ?” ಎಂದರು. ಕಾಲು ಗಂಟೆ ಕಾದೆವು. ಗಾಜು ಮಸುಕಾಗಲಿಲ್ಲ. ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತು ದಿನದಿಂದ ಅವರೂ ನಾವೂ ಬಿಳಿ ಗಾಜಿನ ಹಿಂದಿನ ದನಿಯನ್ನಷ್ಟೇ ಕೇಳಿದ್ದೆವು.

ಲಾರಿ ಅಂಗಳದಿಂದ ರಸ್ತೆಗೆ ತಿರುಗಿದಾಗ ಎದುರಿನ ಗಾಜಿನಲ್ಲಿ ಇಬ್ಬರೂ ಚೆನ್ನಾಗಿ ಕಂಡರು. ಅತ್ತೆಯ ಕೆನ್ನೆ ಒದ್ದೆಯಾಗಿತ್ತು. ಒಂದು ಕೈ ಚಾಚಿ ರಸ್ತೆಯ ಕಡೆ ತೋರಿ, ನೋಡ್ಕೊಂಡು ಹೋಗೋ ಎಂದು ಮಗನಿಗೆ ಬೈಯುತ್ತಿದ್ದರು.